ದೂರದ ಬೆಟ್ಟ, ಹತ್ತಿರದ ಜನ



ಶಾಲೆಯ ಪರೀಕ್ಷೆ ಮುಗಿದು, ಯೇಸುಸ್ವಾಮಿಯ ಪುನರುತ್ಥಾನದ ಹಬ್ಬವೂ ಕಳೆಯಿತೆಂದರೆ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ: "ಈ ಸಲ ರಜೆಗೆ ಎಲ್ಲಿಗೆ ಹೋಗೋಣ?" ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಬಿಸಿಲಿನಲ್ಲಿ ಏಪ್ರಿಲ್, ಮೇ ತಿಂಗಳನ್ನು ಕಳೆಯುವ ಮಕ್ಕಳಿಗೆ ಬೆಟ್ಟದ ಮೇಲಿನ ತಂಪು ಊರೆಂದರೆ ಸ್ವರ್ಗವಿದ್ದಂತೆ. ಒಬ್ಬನು ಮಡಿಕೇರಿ ಎನ್ನುತ್ತಾನೆ, ಇನ್ನೊಬ್ಬಳು ಊಟಿ ಎನ್ನುತ್ತಾಳೆ. ಕೊನೆಗೆ ಅಪ್ಪನ ಜೇಬು ನೋಡಿ ಹತ್ತಿರದ ಚಿಕ್ಕಮಗಳೂರೇ ಸರಿ ಎಂದು ತೀರ್ಮಾನವಾಗುತ್ತದೆ. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು.

ನಾನು ಚನ್ನಗಿರಿಯಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿರುವವನು. ಮಗ ಏಳನೆಯ ತರಗತಿ, ಮಗಳು ನಾಲ್ಕನೆಯ ತರಗತಿ. ಅಂಗಡಿಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಪ್ರವಾಸದ ಲೆಕ್ಕ ಬರೆದೆ. ನಾಲ್ಕು ದಿನ, ನಾಲ್ಕು ಜನ. ಬಾಡಿಗೆ ಕಾರು. ಹೋಟೆಲ್ ಊಟ ದುಬಾರಿಯೆಂದು ಅಡುಗೆಮನೆ ಇರುವ ಒಂದು ಬಾಡಿಗೆ ಮನೆ. ಒಟ್ಟು ಕೂಡಿಸಿದಾಗ ಕೈಯಲ್ಲಿದ್ದ ಹಣ ಸಾಲದೆ ಬಂತು. ಹೆಂಡತಿಯ ಹೆಸರಿನಲ್ಲಿ ಸಂಘದಿಂದ ಸ್ವಲ್ಪ ಸಾಲ ಎತ್ತಿದರಾಯಿತು ಎಂದು ಅದನ್ನೂ ಬರೆದೆ. ನನ್ನ ತಾಯಿಯನ್ನು ಕೇಳಿದೆ. "ನಾನ್ಯಾಕಪ್ಪ, ನೀವು ಹೋಗಿ ಬನ್ನಿ. ನಾನು ಮನೆ ಕಾಯ್ತೀನಿ" ಎಂದರು. ನನಗೂ ಅಷ್ಟೇ ಬೇಕಾಗಿತ್ತು. ಕಾರಿನಲ್ಲಿ ಜಾಗದ ತಾಪತ್ರಯ ತಪ್ಪಿತು.

ಅದೇ ವಾರ ಬಂಧುಗಳ ಮನೆಯ ಮಗುವಿನ ಜ್ಞಾನಸ್ನಾನಕ್ಕೆಂದು ಜಗಳೂರಿನಿಂದ ನನ್ನ ಅಕ್ಕ ತನ್ನ ಕಿರಿಯ ಮಗಳನ್ನು ಕರೆದುಕೊಂಡು ಬಂದಳು. ಮಗುವಿಗೆ ಒಂಬತ್ತು ವರ್ಷ. ನನ್ನ ಮಗ ಸುಮ್ಮನಿರಲಾರದೆ, "ನಾವು ಚಿಕ್ಕಮಗಳೂರಿಗೆ ಹೋಗ್ತಿದೀವಿ ಗೊತ್ತಾ?" ಎಂದು ಹೆಮ್ಮೆಯಿಂದ ಹೇಳಿದ. ಆ ಹುಡುಗಿ ನನ್ನ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ಅಸೂಯೆ ಇರಲಿಲ್ಲ, ಮರುಕವಿತ್ತು. ಮೆಲ್ಲಗೆ ಕೇಳಿದಳು: "ನೀವೂ ಕಾಫಿ ಕೊಯ್ಯಕ್ಕೆ ಹೋಗ್ತೀರಾ ಮಾವ? ಅಂಗಡಿ ನಡೀತಿಲ್ವಾ?"

ಜಗಳೂರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಮಳೆ ಕೈಕೊಟ್ಟ ವರ್ಷ, ಕೊಳವೆಬಾವಿ ಬತ್ತಿದ ವರ್ಷ, ಆ ಸೀಮೆಯ ಎಷ್ಟೋ ಕುಟುಂಬಗಳು ಮಲೆನಾಡಿನ ಕಾಫಿ ತೋಟಗಳಿಗೆ ಗುಳೆ ಹೋಗುತ್ತವೆ. ನವೆಂಬರ್ ಹೊತ್ತಿಗೆ ಅರೇಬಿಕ ಹಣ್ಣಾಗುತ್ತದೆ, ಅದು ಮುಗಿಯುವಾಗ ರೊಬಸ್ಟ ಬರುತ್ತದೆ. ಆ ಮೂರು ನಾಲ್ಕು ತಿಂಗಳು ತೋಟದ ಲೈನು ಮನೆಗಳಲ್ಲಿ ವಾಸ. ಕೊಯ್ದ ಹಣ್ಣಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಶಾಲೆಗೆ ಹೋಗುವ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಾರೆ. ನನ್ನ ಅಕ್ಕ, ಭಾವ ಹನ್ನೆರಡು ವರ್ಷದಿಂದ ಹಾಗೆ ಹೋಗಿ ಬರುತ್ತಿದ್ದಾರೆ. ಆ ಮಗುವಿಗೆ ಚಿಕ್ಕಮಗಳೂರೆಂದರೆ ಅಪ್ಪ ಅವ್ವನನ್ನು ಕರೆದುಕೊಂಡು ಹೋಗುವ ಊರು. ಅಲ್ಲಿಗೆ ಯಾರಾದರೂ ಸಂತೋಷಕ್ಕಾಗಿ ದುಡ್ಡು ಕೊಟ್ಟು ಹೋಗುತ್ತಾರೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಆ ರಾತ್ರಿ ಲೆಕ್ಕದ ಪುಸ್ತಕ ತೆರೆದೆ. ಕೂಡುವ ಕಳೆಯುವ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನಾನು ಯಾರನ್ನು ಎಣಿಸಿದ್ದೇನೆ, ಯಾರನ್ನು ಎಣಿಸಿಲ್ಲ ಎಂಬ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ವಿರಾಮ ತಪ್ಪೇ?

ಮೊದಲು ನನಗೆ ಬಂದ ಯೋಚನೆ, ಪ್ರವಾಸವನ್ನೇ ಬಿಟ್ಟುಬಿಡೋಣ ಎಂದು. ನಮ್ಮ ಹಿರಿಯರು ಯಾವ ಪ್ರವಾಸ ಹೋಗಿದ್ದರು? ಅವರಿಗೆ ಊರಾಚೆ ಎಂದರೆ ಸೆಪ್ಟೆಂಬರಿನಲ್ಲಿ ಹರಿಹರದ ಆರೋಗ್ಯಮಾತೆಯ ಹಬ್ಬ, ಇಲ್ಲವೇ ನೆಂಟರ ಮನೆಯ ಮದುವೆ. ಅಕ್ಕ ಕೂಲಿಗೆ ಹೋಗುವ ಊರಿಗೆ ತಮ್ಮ ಮೋಜಿಗೆ ಹೋಗುವುದೇ? ಆ ಹಣವನ್ನು ಅವಳ ಕೈಗೆ ಕೊಟ್ಟುಬಿಟ್ಟರೆ ಪುಣ್ಯ ಬಂದೀತಲ್ಲ?

ಈ ಯೋಚನೆ ಮೇಲ್ನೋಟಕ್ಕೆ ಧರ್ಮದ ಮಾತಿನಂತೆ ಕಾಣುತ್ತದೆ. ಆದರೆ ಚಿಂತಿಸಿ ನೋಡಿದರೆ ಇದರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ದುಡಿಮೆ ಪುಣ್ಯ, ವಿರಾಮ ಸೋಮಾರಿತನ ಎಂದು ನಾವು ನಂಬಿಕೊಂಡಿದ್ದೇವೆ. ಪವಿತ್ರ ಗ್ರಂಥ ಹಾಗೆ ಹೇಳುವುದಿಲ್ಲ. ವಿಶ್ರಾಂತಿ ದಿನವನ್ನು ಪಾಲಿಸುವುದು ಹತ್ತು ಆಜ್ಞೆಗಳಲ್ಲಿ ಒಂದು. ಕೊಲೆ ಮಾಡಬೇಡ, ಕದಿಯಬೇಡ ಎಂಬ ಆಜ್ಞೆಗಳ ಸಾಲಿನಲ್ಲೇ ಅದೂ ನಿಂತಿದೆ. ಊರೂರು ಸುತ್ತಿ ಉಪದೇಶ ಮಾಡಿ ಬಂದ ಪ್ರೇಷಿತರಿಗೆ ಊಟಕ್ಕೂ ಬಿಡುವಿಲ್ಲದ್ದನ್ನು ಕಂಡು, ಜನರಿಂದ ದೂರ ಬಂದು ಸ್ವಲ್ಪ ದಣಿವಾರಿಸಿಕೊಳ್ಳಿರೆಂದು ಯೇಸುಸ್ವಾಮಿಯೇ ಕರೆದದ್ದನ್ನು ಸಂತ ಮಾರ್ಕನು ತನ್ನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಆ ದಿನ ಜನ ಅವರನ್ನು ಹಿಂಬಾಲಿಸಿ ಬಂದರು, ವಿರಾಮ ಕೈಗೂಡಲಿಲ್ಲ. ಆದರೂ ಕರೆದದ್ದು ನಿಜ. ವರ್ಷವೆಲ್ಲ ಅಂಗಡಿಯ ಕಟ್ಟೆ ಮೇಲೆ ಕೂರುವ ತಂದೆ ಮೂರು ದಿನ ಮಕ್ಕಳೊಂದಿಗೆ ಕಾಲ ಕಳೆದರೆ ಅದು ದುಂದು ಅಲ್ಲ. ಆ ಮಕ್ಕಳಿಗೆ ಅವನು ಕೊಡಬೇಕಾದ ಬಾಕಿ.

ಆದ್ದರಿಂದ ಹೋಗಬೇಕೇ ಬೇಡವೇ ಎಂಬ ಪ್ರಶ್ನೆ ನನಗೆ ಅಲ್ಲಿಗೇ ತೀರಿತು. ಹೇಗೆ ಹೋಗಬೇಕು ಎಂಬುದು ಉಳಿಯಿತು.

ಆಜ್ಞೆಯೊಳಗಿನ ಪಟ್ಟಿ

ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯವನ್ನು ತೆಗೆದು ನೋಡಿರಿ. ವಿಶ್ರಾಂತಿಯ ಆಜ್ಞೆ ಅಲ್ಲಿ ಒಂದು ಪಟ್ಟಿಯ ರೂಪದಲ್ಲಿದೆ. ನೀನು, ನಿನ್ನ ಮಗ, ಮಗಳು, ಮನೆಯ ಆಳು, ಮನೆಯ ದಾಸಿ, ಎತ್ತು, ಕತ್ತೆ, ಉಳಿದ ದನಕರು, ನಿನ್ನ ಊರಿನಲ್ಲಿರುವ ಪರದೇಶಿ, ಯಾರೂ ಆ ದಿನ ದುಡಿಯಬಾರದು. ಕಾರಣವನ್ನೂ ಅಲ್ಲೇ ಕೊಟ್ಟಿದೆ: ನೀನೂ ಒಂದು ಕಾಲದಲ್ಲಿ ಈಜಿಪ್ಟಿನಲ್ಲಿ ಗುಲಾಮನಾಗಿದ್ದೆ, ಅದನ್ನು ಮರೆಯಬೇಡ.

ಈ ಆಜ್ಞೆಯನ್ನು ಯಾರಿಗೆ ಕೊಟ್ಟಿರುವುದು ಎಂಬುದನ್ನು ಗಮನಿಸಬೇಕು. ಆಳಿಗಲ್ಲ, ಎತ್ತಿಗಂತೂ ಅಲ್ಲ. ಮನೆಯ ಯಜಮಾನನಿಗೆ. ಯಾರಿಗೆ ಬಿಡುವು ಸಿಗಬೇಕು, ಯಾರು ದುಡಿಯಬೇಕು ಎಂದು ತೀರ್ಮಾನಿಸುವ ಶಕ್ತಿ ಯಾರ ಕೈಯಲ್ಲಿದೆಯೋ ಅವನಿಗೆ. ನಿನ್ನ ವಿಶ್ರಾಂತಿ ಇನ್ನೊಬ್ಬನ ಬೆನ್ನಿನ ಮೇಲೆ ನಿಲ್ಲಬಾರದು ಎಂಬುದೇ ಆ ಪಟ್ಟಿಯ ಅರ್ಥ. ಪ್ರವಾಸದ ಲೆಕ್ಕ ಬರೆಯುವ ತಂದೆಯೂ ಅಂಥದೇ ಒಂದು ಸಣ್ಣ ಯಜಮಾನ. ನಾನು ಬರೆದಿದ್ದ ಪಟ್ಟಿಯನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದೆ.

ಅದರಲ್ಲೊಂದು ವಿಚಿತ್ರ ಕಂಡಿತು. ಮಗ, ಮಗಳು, ಆಳು, ಕತ್ತೆ ಎಲ್ಲರೂ ಇದ್ದಾರೆ. ಹೆಂಡತಿಯ ಹೆಸರಿಲ್ಲ! 'ನೀನು' ಎಂಬ ಮಾತಿನಲ್ಲೇ ಗಂಡ ಹೆಂಡಿರಿಬ್ಬರೂ ಸೇರಿದ್ದಾರೆ ಎಂದು ಬಲ್ಲವರು ವಿವರಿಸುತ್ತಾರೆ. ಒಪ್ಪತಕ್ಕ ವಿವರಣೆಯೇ. ಆದರೆ ನಮ್ಮ ಮನೆಗಳಲ್ಲಿ 'ನೀನು' ಎಂದಾಗ ಅವಳು ಸೇರುತ್ತಾಳೆಯೇ?

ನನ್ನ ಹೆಂಡತಿಯನ್ನು ಕೇಳಿಯೇ ಬಿಟ್ಟೆ: "ನಾಲ್ಕು ದಿನ ನಿನಗೂ ಆರಾಮ ಅಲ್ಲವೇ?" ಅವಳು ನಕ್ಕು, "ಅಡುಗೆಮನೆ ಇರೋ ಮನೆ ಹಿಡಿದಿದ್ದೀರಲ್ಲ. ಇಲ್ಲಿ ನನ್ನ ಒಲೆ, ನನ್ನ ಪಾತ್ರೆ. ಅಲ್ಲಿ ಬೇರೆಯವರ ಒಲೆ, ಬೇರೆಯವರ ಪಾತ್ರೆ. ಅಷ್ಟೇ ವ್ಯತ್ಯಾಸ" ಎಂದಳು. ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಹದಿನಾಲ್ಕು ವರ್ಷದ ಅಭ್ಯಾಸದಿಂದ ಹೇಳಿದ್ದು. ಉಳಿತಾಯವೆಂದು ನಾನು ಬರೆದಿದ್ದ ಮೊತ್ತವೆಲ್ಲ ಅವಳ ದುಡಿಮೆಯಿಂದ ಬಂದದ್ದು. ಸಾಲವೂ ಅವಳ ಹೆಸರಿನಲ್ಲೇ. ಜೂನಿನಲ್ಲಿ ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರ ಒಟ್ಟಿಗೆ ಬಂದಾಗ ವಾರದ ಕಂತು ಹೊಂದಿಸುವ ಚಿಂತೆಯೂ ಅವಳದೇ. ಮೂರು ದಿನ ತಂಪಾಗಿದ್ದು ಮೂರು ತಿಂಗಳು ಸುಡುವುದು ಯಾವ ವಿಶ್ರಾಂತಿ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇನ್ನು ನಮ್ಮ ತಾಯಿ. "ನಾನು ಮನೆ ಕಾಯ್ತೀನಿ" ಎಂದರಲ್ಲ, ಅದು ಅವರ ಇಷ್ಟವೇ ಅಥವಾ ತಾನು ಭಾರವಾಗುತ್ತೇನೆಂಬ ಅಂಜಿಕೆಯೇ? ವಯಸ್ಸಾದವರು ಬೇಡವೆನ್ನುವಾಗ ಎರಡನೆಯ ಸಲ ಕೇಳಬೇಕು. ನಾನು ಎರಡನೆಯ ಸಲ ಕೇಳಿರಲಿಲ್ಲ. ಯಾಕೆಂದರೆ ಮೊದಲನೆಯ ಉತ್ತರವೇ ನನಗೆ ಅನುಕೂಲವಾಗಿತ್ತು.

ಬೆಟ್ಟದ ಮೇಲಿರುವವರು

ಪಟ್ಟಿಯ ಕೊನೆಯಲ್ಲಿ ಪರದೇಶಿ ಇದ್ದಾನೆ. ನಾವು ಬೆಟ್ಟದೂರಿಗೆ ಹೋದಾಗ ನಮಗಾಗಿ ದುಡಿಯುವವರೇ ಅವರು. ನಸುಕಿನಲ್ಲೆದ್ದು ಕಾಫಿ ಕಾಯಿಸುವವನು, ನಾವು ಮಲಗಿದ್ದ ಹಾಸಿಗೆಯ ಹೊದಿಕೆ ಒಗೆಯುವವಳು, ಕಡಿದಾದ ತಿರುವುಗಳಲ್ಲಿ ಗಾಡಿ ಓಡಿಸುವವನು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತನ್ನ 2187ನೆಯ ಪರಿಚ್ಛೇದದಲ್ಲಿ ಈ ವಿಷಯವನ್ನು ನೇರವಾಗಿ ಎತ್ತುತ್ತದೆ. ಇತರರು ಪ್ರಭುವಿನ ದಿನವನ್ನು ಪಾಲಿಸಲಾಗದಂತೆ ಅವರ ಮೇಲೆ ಅನಗತ್ಯ ಕೆಲಸ ಹೇರಬಾರದು ಎನ್ನುತ್ತದೆ. ಊಟದ ಮನೆ, ಸಾರ್ವಜನಿಕ ಸೇವೆಗಳಲ್ಲಿ ಕೆಲವರು ಭಾನುವಾರವೂ ದುಡಿಯಬೇಕಾದೀತು, ಆದರೂ ಅವರಿಗೆ ಸಾಕಷ್ಟು ಬಿಡುವು ಸಿಗಬೇಕು ಎಂದೂ ಹೇಳುತ್ತದೆ. 1891ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಅವರು ಕಾರ್ಮಿಕರ ಕುರಿತ ತಮ್ಮ ವಿಶ್ವಪತ್ರದಲ್ಲಿ ಭಾನುವಾರದ ವಿಶ್ರಾಂತಿಯ ಮಾತೆತ್ತಿದ್ದರು. ಅದು ಕಾರ್ಮಿಕನ ಹಕ್ಕು, ಸರ್ಕಾರ ಅದನ್ನು ಕಾಪಾಡಬೇಕು ಎಂಬುದು ಅವರ ನಿಲುವಾಗಿತ್ತೆಂದು 1998ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲ್ ಅವರು ಪ್ರಭುವಿನ ದಿನವನ್ನು ಕುರಿತು ಬರೆದ ಪತ್ರದಲ್ಲಿ ನೆನಪಿಸಿದರು. ನಮ್ಮ ದೇಶದಲ್ಲೂ 1951ರಲ್ಲಿ ತೋಟದ ಕಾರ್ಮಿಕರ ಕಾಯ್ದೆ ಬಂದು ವಾಸದ ಮನೆ, ವಾರಕ್ಕೊಂದು ಬಿಡುವಿನ ದಿನ ಎಂಬ ಮಾತುಗಳು ಕಾನೂನಿನಲ್ಲಿ ಸೇರಿದವು. ಆದರೆ ಕಿಲೋ ಲೆಕ್ಕದಲ್ಲಿ ಕೊಯ್ಯುವವರಿಗೆ ಬಿಡುವಿನ ದಿನವೆಂದರೆ ಕೂಲಿಯಿಲ್ಲದ ದಿನ. ಕಾನೂನು ಕೊಟ್ಟ ಬಿಡುವನ್ನು ಹಸಿವು ಕಿತ್ತುಕೊಳ್ಳುತ್ತದೆ.

ಬೆಟ್ಟಕ್ಕೂ ಬಿಡುವು ಬೇಕು. ಏಳನೆಯ ವರ್ಷ ಹೊಲವನ್ನು ಬೀಳುಬಿಡಬೇಕೆಂಬ ಕಟ್ಟಳೆ ಯಾಜಕಕಾಂಡದಲ್ಲಿದೆ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ನಮ್ಮ ರಾಜ್ಯದ ಅತಿ ಎತ್ತರದ ಶಿಖರ. ರಜೆಯ ದಿನಗಳಲ್ಲಿ ಅದರ ಕಿರಿದಾದ ದಾರಿಯಲ್ಲಿ ಕಾರುಗಳ ಸಾಲು ಕರಗುವುದೇ ಇಲ್ಲ. 2022ರಲ್ಲಿ ಆ ಗಿರಿಸಾಲಿನಲ್ಲಿ ನೀಲಕುರಿಂಜಿ ಅರಳಿದಾಗ ನೋಡಲು ಜನ ಮುಗಿಬಿದ್ದರು. 2025ರ ಸೆಪ್ಟೆಂಬರಿನಲ್ಲಿ ಜಿಲ್ಲಾಡಳಿತ ಅಲ್ಲಿಗೆ ಹೋಗುವ ವಾಹನಗಳಿಗೆ ಮಿತಿ ಹಾಕಿ, ಮುಂಚಿತವಾಗಿ ಹೆಸರು ನೋಂದಾಯಿಸಬೇಕೆಂಬ ಕ್ರಮ ತಂದಿತು. ಊಟಿ, ಕೊಡೈಕೆನಾಲ್‌ಗೆ ಹೋಗುವ ವಾಹನಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬಂತು. ಇವೆಲ್ಲ ನಮಗೆ ಕಿರಿಕಿರಿ ಎನಿಸಬಹುದು. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡವರು, 2024ರ ಜುಲೈ 30ರಂದು ವಯನಾಡಿನಲ್ಲಿ ತೋಟದ ಕೆಲಸಗಾರರ ಮನೆಗಳು ಮಣ್ಣಿನಡಿ ಹೋದದ್ದನ್ನು ಕೇಳಿದವರು ಕಿರಿಕಿರಿಪಡಲಾರರು. ಬೆಟ್ಟ ಕುಸಿದಾಗ ನೋಡಲು ಬಂದವರು ಊರಿಗೆ ಮರಳಬಹುದು. ಅಲ್ಲೇ ಬದುಕುವವರಿಗೆ ಮರಳಲು ಬೇರೆ ಊರಿಲ್ಲ.

ಎಲ್ಲರನ್ನೂ ಕರೆದೊಯ್ಯಲಾದೀತೇ?

ಇಷ್ಟೆಲ್ಲ ಓದಿದ ಮೇಲೆ ನಿಮ್ಮಲ್ಲಿ ಕೆಲವರು ಹೇಳಬಹುದು: "ಹೀಗೆ ಎಣಿಸುತ್ತಾ ಹೋದರೆ ಯಾರೂ ಮನೆ ಬಿಟ್ಟು ಹೊರಡುವಂತಿಲ್ಲ. ಲೋಕದ ಕಷ್ಟವನ್ನೆಲ್ಲ ಡಿಕ್ಕಿಯಲ್ಲಿ ತುಂಬಿಕೊಂಡು ಪ್ರವಾಸ ಹೋಗಲಾದೀತೇ?" ನನ್ನ ಸ್ನೇಹಿತನೊಬ್ಬ ಹೀಗೆಯೇ ಕೇಳಿದ. ಅವನ ಮಾತಿನಲ್ಲಿ ಸತ್ಯವಿದೆ. ಎಲ್ಲರನ್ನೂ ಕರೆದೊಯ್ಯಲಾಗದು. ಮಕ್ಕಳ ಸಂತೋಷಕ್ಕೆ ಪ್ರತಿ ಹೆಜ್ಜೆಗೂ ಲೆಕ್ಕ ಕೇಳಿದರೆ ಸಂತೋಷವೇ ಉಳಿಯುವುದಿಲ್ಲ. ಆದರೆ ಪಟ್ಟಿ ಲೋಕದ ಎಲ್ಲರ ಹೆಸರನ್ನೂ ಹೇಳುವುದಿಲ್ಲ ಎಂಬುದನ್ನು ನೋಡಿರಿ. ನಿನ್ನ ಮಗ, ನಿನ್ನ ಮಗಳು, ನಿನ್ನ ಊರಿನೊಳಗಿರುವ ಪರದೇಶಿ ಎನ್ನುತ್ತದೆ. ಕೈಗೆ ಎಟಕುವವರನ್ನು ಮಾತ್ರ ಹೇಳುತ್ತದೆ. ನನ್ನ ಕೈಗೆ ಎಟಕುವಲ್ಲಿ ನನ್ನ ತಾಯಿ ಇದ್ದರು, ಹೆಂಡತಿ ಇದ್ದಳು, ಅಕ್ಕನ ಮಗಳಿದ್ದಳು.

ಫೋನು ಮಾಡಿ ಅಕ್ಕನನ್ನು ಕರೆದೆ: "ನೀವೂ ಬನ್ನಿ, ಖರ್ಚು ನಾನು ನೋಡಿಕೊಳ್ತೀನಿ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕರೆದೆಯಲ್ಲ, ಅಷ್ಟು ಸಾಕು ಕಣೋ. ನಿನ್ನ ದುಡ್ಡಲ್ಲಿ ಬೆಟ್ಟ ನೋಡಿ ಬಂದರೆ ನನಗೆ ನಿದ್ದೆ ಹತ್ತಲ್ಲ" ಎಂದಳು. ಕೊಡುವವನು ಎಷ್ಟೇ ಒಳ್ಳೆಯ ಮನಸ್ಸಿನಿಂದ ಕೊಟ್ಟರೂ ತೆಗೆದುಕೊಳ್ಳುವವರ ತಲೆ ತಗ್ಗುತ್ತದೆ. ನನಗೆ ಮುಂದೆ ಮಾತು ಹೊಳೆಯಲಿಲ್ಲ.

ದಾರಿ ತೋರಿಸಿದವಳು ನನ್ನ ಹೆಂಡತಿ. ಮರುದಿನ ಅವಳೇ ಭಾವನಿಗೆ ಫೋನು ಮಾಡಿ, "ಅಣ್ಣಾ, ಇವರಿಗೆ ಆ ಕಡೆ ದಾರಿ, ಜನ ಏನೂ ಗೊತ್ತಿಲ್ಲ. ಹನ್ನೆರಡು ವರ್ಷದಿಂದ ಓಡಾಡಿದವರು ನೀವು. ಮಕ್ಕಳಿಗೆ ತೋರಿಸೋರು ಯಾರಾದ್ರೂ ಬೇಕಲ್ಲ. ಅಕ್ಕನ್ನ, ಮಗೂನ್ನ ಕರ್ಕೊಂಡು ಬನ್ನಿ" ಎಂದಳು. ಇದು ಉಪಾಯವೇ ಎಂದು ನೀವು ಕೇಳಬಹುದು. ಉಪಾಯವಲ್ಲ, ನಿಜವೇ ಆಗಿತ್ತು. ಚಿಕ್ಕಮಗಳೂರು ನನಗೆ ಚಿತ್ರದಲ್ಲಿ ಮಾತ್ರ ಗೊತ್ತು, ಭಾವನಿಗೆ ಕಾಲಿನಲ್ಲಿ ಗೊತ್ತು. ಕೇಳಿಕೊಳ್ಳಬೇಕಾದವನು ನಾನು. ನಾನು ಕೊಡುವವನ ಜಾಗದಲ್ಲಿ ಹೋಗಿ ಕೂತಿದ್ದೆ.

ಬೆಟ್ಟದ ನಗರಕ್ಕೆ ಹೋದ ಇನ್ನೊಂದು ಕುಟುಂಬ

ಮಕ್ಕಳನ್ನು ಕರೆದುಕೊಂಡು ಬೆಟ್ಟದ ಮೇಲಿನ ನಗರಕ್ಕೆ ಹೋದ ಒಂದು ಕುಟುಂಬದ ಕಥೆ ಸಂತ ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿದೆ. ಜೆರುಸಲೇಮ್ ಸುಮಾರು 750 ಮೀಟರ್ ಎತ್ತರದ ಬೆಟ್ಟದೂರು. ಪಾಸ್ಕ ಹಬ್ಬಕ್ಕೆ ಜೋಸೆಫರು, ಮಾತೆ ಮರಿಯ ಪ್ರತಿವರ್ಷ ನಜರೇತಿನಿಂದ ನಡೆದು ಹೋಗುತ್ತಿದ್ದರು. ನೂರು ಕಿಲೋಮೀಟರಿಗೂ ಮಿಕ್ಕ ದಾರಿ, ಹೆಚ್ಚುಕಡಿಮೆ ಚನ್ನಗಿರಿಯಿಂದ ಭದ್ರಾವತಿ, ತರೀಕೆರೆ ದಾಟಿ ಚಿಕ್ಕಮಗಳೂರಿಗೆ ಇರುವಷ್ಟೇ. ಅಂಥ ಯಾತ್ರಿಕರು ಹಾಡುತ್ತಿದ್ದವೆಂದು ಹೇಳಲಾಗುವ ಹಾಡುಗಳು ಕೀರ್ತನೆಗಳ ಗ್ರಂಥದಲ್ಲಿ 120ರಿಂದ 134ರವರೆಗೆ ಇವೆ. ಹಬ್ಬಕ್ಕೆ ಹೋಗಲೇಬೇಕೆಂಬ ಕಟ್ಟಳೆ ಗಂಡಸರಿಗಷ್ಟೇ ಇತ್ತು. ಆದರೂ ಮರಿಯಮ್ಮನವರು ಮನೆ ಕಾಯಲು ಉಳಿಯಲಿಲ್ಲ, ಹೊರಟರು.

ಬಾಲಯೇಸು ಹಿಂದೆ ಉಳಿದದ್ದು ತಂದೆತಾಯಿಗೆ ಒಂದು ದಿನದ ದಾರಿ ನಡೆಯುವವರೆಗೆ ತಿಳಿಯಲಿಲ್ಲ. ಇದನ್ನು ಓದುವಾಗ ನಾವು, ಇಷ್ಟು ಮರೆವೇ, ಎಂದುಕೊಳ್ಳುತ್ತೇವೆ. ಆದರೆ ಮಗ ಬಂಧುಬಳಗದ ಗುಂಪಿನಲ್ಲಿ ಎಲ್ಲೋ ಇದ್ದಾನೆ ಎಂದು ಅವರು ನಿಶ್ಚಿಂತರಾಗಿದ್ದರು. ಅಂದರೆ ಅವರು ಮೂವರೇ ಹೊರಟವರಲ್ಲ. ನೆಂಟರು, ಊರವರು, ಎಲ್ಲರ ಮಕ್ಕಳನ್ನೂ ಎಲ್ಲರೂ ನೋಡಿಕೊಳ್ಳುವ ಒಂದು ದೊಡ್ಡ ಗುಂಪು ಅದು. ನಮ್ಮ ನಾಲ್ಕು ಸೀಟಿನ ಲೆಕ್ಕಕ್ಕಿಂತ ಎಷ್ಟು ಬೇರೆ! ಮಗ ಸಿಕ್ಕಾಗ ಅವನು ಹಿರಿಯರ ನಡುವೆ ಕೂತು ಪ್ರಶ್ನೆ ಕೇಳುತ್ತಿದ್ದ. ತಾಯಿ ತಂದೆಗೂ ಒಂದು ಪ್ರಶ್ನೆ ಕೇಳಿದ. ಅದು ಅವರಿಗೆ ಆಗ ಅರ್ಥವಾಗಲಿಲ್ಲ, ತಾಯಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡರು ಎಂದು ಲೂಕನು ಬರೆಯುತ್ತಾನೆ. ಮಕ್ಕಳೊಂದಿಗೆ ಪ್ರವಾಸ ಹೋಗುವವರು ಇದನ್ನು ನೆನಪಿಡಬೇಕು. ಅಡೆತಡೆ ಬಂದೇ ಬರುತ್ತದೆ. ಮಕ್ಕಳು ನಾವು ತೋರಿಸಿದ್ದನ್ನು ಬಿಟ್ಟು ಬೇರೇನನ್ನೋ ನೋಡುತ್ತಾರೆ, ನಮಗೆ ಉತ್ತರ ತಿಳಿಯದ ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗೆ ಸಮಯವಿರುವಂತೆ ದಿನವನ್ನು ಸ್ವಲ್ಪ ಖಾಲಿ ಇಡಬೇಕು.

ನಾವು ಹೋಗಿ ಬಂದದ್ದು

ಕಾರು ಬೇಡವೆಂದೆವು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗಿನಿಂದ ನಮ್ಮ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಲ್ಲ. ತಾಯಿಗೆ ಎರಡನೆಯ ಸಲ ಕೇಳಿದೆ. "ಬಸ್ಸಾದರೆ ಬರ್ತೀನಿ, ಕಾರಲ್ಲಿ ನನಗೆ ಉಸಿರು ಕಟ್ಟುತ್ತೆ" ಎಂದರು! ನಾಲ್ಕು ದಿನ ಹೋಗಿ ಮೂರು ದಿನವಾಯಿತು. ಸಾಲ ಬೇಡವಾಯಿತು. ಅಕ್ಕ ಒಣ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಬಂದಳು, ಅದು ಅವಳ ಪಾಲು. ಉಳಿದ ಊಟ ಮೆಸ್ಸಿನಲ್ಲಿ. ಮೂರು ದಿನ ನನ್ನ ಹೆಂಡತಿ ಒಲೆ ಮುಟ್ಟಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಎಂಟು ಗಂಟೆಯವರೆಗೆ ಮಲಗಿದ್ದಳು. ಮಗಳು ಹೆದರಿ, "ಅಮ್ಮನಿಗೆ ಜ್ವರಾನಾ?" ಎಂದು ಕೇಳಿದಳು. ಅಮ್ಮ ಬೆಳಿಗ್ಗೆ ಮಲಗಿದ್ದನ್ನು ಆ ಮಗು ಅಲ್ಲಿಯವರೆಗೆ ಕಂಡಿರಲಿಲ್ಲ.

ಎಲ್ಲವೂ ಚೆನ್ನಾಗಿ ನಡೆಯಿತೆಂದು ಹೇಳಲಾರೆ. ತಿರುವುಗಳಲ್ಲಿ ಮಗನಿಗೆ ವಾಂತಿಯಾಯಿತು. ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತಲಾರದೆ ತಾಯಿ ಕೆಳಗೇ ಜಪಮಾಲೆ ಹಿಡಿದು ಕೂತರು. ಮೇಲೆ ಹೋದರೆ ಮಂಜು ಕವಿದು ಹತ್ತು ಮಾರು ಆಚೆ ಏನೂ ಕಾಣಲಿಲ್ಲ. ದೂರದ ಬೆಟ್ಟ ನುಣ್ಣಗೆ ಎಂಬುದು ನಿಜ, ಹತ್ತಿರ ಹೋದರೆ ಕಲ್ಲು, ಗಾಳಿ, ಕಾಲುನೋವು. ಅರ್ಧ ಗಂಟೆಯ ಮೇಲೆ ಮಂಜು ಸ್ವಲ್ಪ ಸರಿಯಿತು. ಅಕ್ಕ ಕೆಳಗಿನ ತೋಟಗಳನ್ನು ನೋಡುತ್ತಾ, "ಇಷ್ಟು ವರ್ಷ ಇದರ ಬುಡದಲ್ಲೇ ಇದ್ದೆ. ತಲೆ ಎತ್ತಿ ನೋಡಕ್ಕೆ ಪುರುಸೊತ್ತಿರಲಿಲ್ಲ" ಎಂದಳು. ಅದು ಸಂತೋಷವೋ ಸಂಕಟವೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವಾಗಲಿಲ್ಲ.

ಮರುದಿನ ಭಾವ ತಾವು ಕೆಲಸ ಮಾಡುವ ತೋಟದ ರೈಟರ ಅನುಮತಿ ಕೇಳಿ ನಮ್ಮನ್ನು ಒಳಗೆ ಕರೆದೊಯ್ದರು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮನ್ ದೇಶದಿಂದ ಏಳು ಕಾಫಿ ಬೀಜ ತಂದು ಇಲ್ಲಿನ ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿಯನ್ನು ಅವರೇ ಮಕ್ಕಳಿಗೆ ಹೇಳಿದರು. ಮೇ ತಿಂಗಳಾದ್ದರಿಂದ ಗಿಡದಲ್ಲಿ ಮೆಣಸಿನಕಾಳಿನಷ್ಟು ಹಸಿರು ಕಾಯಿ. ಕೊಂಬೆ ಮುರಿಯದಂತೆ ಹೇಗೆ ಬಗ್ಗಿಸಬೇಕು, ಹಣ್ಣನ್ನು ಹೇಗೆ ಬಿಡಿಸಬೇಕು ಎಂದು ತೋರಿಸಿದರು. ನಮ್ಮೂರಿನಲ್ಲಿ ಯಾರ ಮುಂದೆಯೂ ಹೆಚ್ಚು ಮಾತಾಡದ ಮನುಷ್ಯ ಅಂದು ಎರಡು ಗಂಟೆ ಮಾತಾಡಿದರು. ನನ್ನ ಮಗ ಬಾಯಿಬಿಟ್ಟುಕೊಂಡು ಕೇಳುತ್ತಿದ್ದ. ಅವನು ಕೂಲಿಯವರನ್ನು ನೋಡುವ ಕಣ್ಣು ಅಂದು ಬದಲಾಯಿತೆಂದು ನನ್ನ ನಂಬಿಕೆ. ಅಕ್ಕನ ಮಗಳು ಮಾತ್ರ ಬೀಗ ಹಾಕಿದ ಲೈನು ಮನೆಯ ಕಿಟಕಿಯಿಂದ ಒಳಗೆ ಇಣುಕುತ್ತಾ ಬಹಳ ಹೊತ್ತು ನಿಂತಿದ್ದಳು.

ಭಾನುವಾರ ಬೆಳಿಗ್ಗೆ ಸಂತ ಜೋಸೆಫರ ಪ್ರಧಾನಾಲಯದಲ್ಲಿ ಬಲಿಪೂಜೆಗೆ ಹೋಗಿ ಮಧ್ಯಾಹ್ನದ ಬಸ್ಸು ಹತ್ತಿದೆವು. ಭಾನುವಾರವೂ ದುಡಿಯುತ್ತಿದ್ದ ಚಾಲಕ, ನಿರ್ವಾಹಕರಿಗೆ ಇಳಿಯುವಾಗ ನನ್ನ ತಾಯಿ ಕೈಮುಗಿದರು. ನಮ್ಮಿಂದ ಅವರಿಗೆ ಸಂದದ್ದು ಅಷ್ಟೇ.

ಬೆಟ್ಟದೂರಿಗೆ ಹೋಗಲು ಅನುಕೂಲವಿಲ್ಲದವರು ಬೇಸರಿಸಬೇಕಾಗಿಲ್ಲ. ನಮ್ಮ ಶಾಂತಿಸಾಗರದ ಏರಿಯ ಮೇಲೆ ಸಂಜೆಯ ಗಾಳಿಗೆ ದುಡ್ಡಿಲ್ಲ. ಸಂತೇಬೆನ್ನೂರಿನ ಪುಷ್ಕರಿಣಿ ಇದೆ, ಹೊನ್ನಾಳಿಯಲ್ಲಿ ತುಂಗಭದ್ರೆ ಇದ್ದಾಳೆ, ನ್ಯಾಮತಿಯ ಕಡೆ ತೀರ್ಥರಾಮೇಶ್ವರದ ಗುಡ್ಡವಿದೆ. ಬರಗಾಲದ ಹೆಸರು ಹೊತ್ತ ಜಗಳೂರಿನಲ್ಲೂ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮವಿದೆ. ಧರ್ಮಕೇಂದ್ರದ ನಾಲ್ಕೈದು ಕುಟುಂಬಗಳು ಸೇರಿ ಒಂದು ಗಾಡಿ ಮಾಡಿ, ಪ್ರತಿ ಮನೆಯವರೂ ತಮ್ಮ ಪಾಲಿನದೊಂದು ತಂದರೆ, ಯಾರೂ ಯಾರ ಮುಂದೆಯೂ ತಲೆ ತಗ್ಗಿಸದೆ ಹೋಗಿ ಬರಬಹುದು. ಹೊರಡುವ ಮುಂಚೆ ರಾತ್ರಿಯ ಜಪದ ನಂತರ ಮನೆಯವರೆಲ್ಲ ಕೂತು ಇಷ್ಟನ್ನು ಕೇಳಿಕೊಳ್ಳಿರಿ: ಈ ರಜೆಯಲ್ಲಿ ಯಾರಿಗೆ ಕೆಲಸ ಹೆಚ್ಚುತ್ತದೆ? ಬೇಡವೆಂದವರನ್ನು ಎರಡನೆಯ ಸಲ ಕೇಳಿದೆವೇ? ಹಿಂದಿರುಗಿದ ಮೇಲೆ ಸಾಲದ ಚಿಂತೆ ಯಾರ ತಲೆಯ ಮೇಲೆ? ನಮ್ಮ ಜೊತೆ ಬರಬಹುದಾದ ಇನ್ನೊಂದು ಮಗು ಯಾವುದು?

ನಮ್ಮ ಪ್ರವಾಸದಿಂದ ಅಕ್ಕನ ಬಡತನವೇನೂ ನೀಗಲಿಲ್ಲ. ನವೆಂಬರ್ ಬಂದಾಗ ಅವಳೂ ಭಾವನೂ ಮತ್ತೆ ಗಂಟು ಕಟ್ಟಿಕೊಂಡು ಹೊರಟರು. ಮಗು ಜಗಳೂರಿನಲ್ಲಿ ಅಜ್ಜಿಯ ಹತ್ತಿರ ಉಳಿಯಿತು. ಒಂದು ಸಂಜೆ ಫೋನು ಮಾಡಿ, ಅವ್ವ ಇಲ್ಲದೆ ಬೇಜಾರಾಗ್ತಿದೆಯಾ ಎಂದು ಕೇಳಿದೆ. "ಆಗ್ತದೆ ಮಾವ. ಆದರೆ ಮೊದಲಿನಷ್ಟಿಲ್ಲ. ಮೊದಲು ಅವ್ವ ಎಲ್ಲಿದ್ದಾಳೆ ಅಂತ ಗೊತ್ತಿರಲಿಲ್ಲ. ಈಗ ಆ ಕಿಟಕಿ ಗೊತ್ತಲ್ಲ" ಎಂದಳು.